ಮೂಕಿ ಚಿತ್ರದ ಮಿಂಚು ಕೈಮಾತು ಕಲಿತದ್ದು

ನಾಯಕಿ ಸಾಯುತ್ತಿದ್ದಳು. ತೆರೆಯ ತುಂಬ ಅವಳದೇ ಮುಖ. ತುಟಿ ಅದುರುತ್ತಿತ್ತು, ರೆಪ್ಪೆ ಭಾರವಾಗಿ ಮುಚ್ಚಿಕೊಳ್ಳುತ್ತಿತ್ತು. ತೆರೆಯ ಪಕ್ಕದಲ್ಲಿ ಕೂತ ಪಿಟೀಲಿನವನು ಕಮಾನನ್ನು ಎಷ್ಟು ನಿಧಾನವಾಗಿ ಎಳೆಯಬಹುದೋ ಅಷ್ಟು ನಿಧಾನವಾಗಿ ಎಳೆಯುತ್ತಿದ್ದ. ಚಿತ್ರಮಂದಿರದಲ್ಲಿ ಮೂಗು ಒರೆಸಿಕೊಳ್ಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬಾಲ್ಕನಿಯ ಮೂಲೆಯಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಯಾರಿಗೂ ಗುರುತು ಸಿಗದಂತೆ ಕೂತು ತನ್ನ ಸಾವನ್ನು ತಾನೇ ನೋಡುತ್ತಿದ್ದ ನಟಿಗೆ ಹೆಮ್ಮೆಯಿಂದ ಎದೆ ಉಬ್ಬಿತ್ತು.

ಅಷ್ಟರಲ್ಲಿ ಕೆಳಗೆ, ಮುಂದಿನ ಬೆಂಚಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಆಮೇಲೆ ಪಕ್ಕದವರು. ನೋಡನೋಡುತ್ತಿದ್ದಂತೆ ಆ ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಗತೊಡಗಿತು.

ಅದು ಮೂಕಿ ಚಿತ್ರಗಳ ಕಾಲ. ನಟಿಯನ್ನು ಊರೆಲ್ಲ ಮಿಂಚು ಎಂದು ಕರೆಯುತ್ತಿತ್ತು. ಅವಳಪ್ಪ ಚಿತ್ರಮಂದಿರಗಳ ಬ್ಯಾನರ್ ಬರೆಯುತ್ತಿದ್ದವನು. ಅಪ್ಪನಿಗೆ ಬುತ್ತಿ ತಂದ ಹುಡುಗಿ ಏಣಿಯ ಕೆಳಗೆ ನಿಂತು, ಅವನು ಬರೆಯುತ್ತಿದ್ದ ಖಳನಾಯಕನ ಮುಖವನ್ನು ಇದ್ದ ಹಾಗೇ ಅಣಕಿಸುತ್ತಿದ್ದುದನ್ನು ಒಬ್ಬ ನಿರ್ದೇಶಕ ಕಂಡು ಸ್ಟುಡಿಯೋಗೆ ಕರೆದೊಯ್ದಿದ್ದ. ಹುಬ್ಬು ಒಂದಿಷ್ಟು ಕುಣಿಸಿದರೆ ಸಾಕು, ಅವಳು ಏನು ಯೋಚಿಸುತ್ತಿದ್ದಾಳೆಂದು ಕೊನೆಯ ಸಾಲಿನವನಿಗೂ ತಿಳಿಯುತ್ತಿತ್ತು. ಇಪ್ಪತ್ತೈದು ತುಂಬುವ ಮೊದಲೇ ಅವಳ ಮುಖ ಬೆಂಕಿಪೊಟ್ಟಣಗಳ ಮೇಲೂ ಬಂದಿತ್ತು. ಅಂಥವಳು ಸಾಯುವಾಗ ನಗುವುದೇ?

ಆಟ ಮುಗಿಯುತ್ತಲೇ ಮಿಂಚು ಮೆಟ್ಟಿಲು ಇಳಿದು ಓಡಿದಳು. ಆ ಸಾಲಿನವರು ಹೊರಬಾಗಿಲ ಹತ್ತಿರ ಗುಂಪಾಗಿ ನಿಂತಿದ್ದರು. ಎಲ್ಲರ ಕೈಗಳೂ ಗಾಳಿಯಲ್ಲಿ ಆಡುತ್ತಿದ್ದವು. ಒಬ್ಬನ ಬಾಯಿಂದಲೂ ಒಂದು ಮಾತಿಲ್ಲ.

"ಏನ್ರೀ, ಒಬ್ಳು ಸಾಯ್ತಿದ್ರೆ ನಿಮಗೆ ನಗು ಬರುತ್ತಾ? ಮನುಷ್ಯರೋ ಏನು ನೀವು?" ಎಂದು ಸ್ಕಾರ್ಫ್ ಕಿತ್ತೆಸೆದು ಕೇಳಿದಳು.

ಗುಂಪು ಬೆಚ್ಚಿತು. ಅದರಲ್ಲಿದ್ದ ಒಬ್ಬ ತೆಳ್ಳನೆಯ ಮನುಷ್ಯ ಮಾತ್ರ ಬಾಯಿ ಬಿಟ್ಟ. ಬೆರಳ ತುದಿಯೆಲ್ಲ ಶಾಯಿ. ಅವನು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವನು.

"ತಪ್ಪು ತಿಳ್ಕೋಬೇಡಿ ಮೇಡಂ. ನನ್ನೊಬ್ಬನ್ನ ಬಿಟ್ಟು ಇವರಿಗ್ಯಾರಿಗೂ ಕಿವಿ ಕೇಳಲ್ಲ. ಇವಳು ನನ್ನ ಹೆಂಡ್ತಿ, ನಾನಿರೋ ಅಚ್ಚುಕೂಟದಲ್ಲೇ ಬೈಂಡಿಂಗ್ ಮಾಡ್ತಾಳೆ. ಇವರೆಲ್ಲ ತುಟಿ ನೋಡಿ ಮಾತು ಹಿಡೀತಾರೆ."

"ಹಿಡೀಲಿ. ಅದಕ್ಕೆ ನಗೋದ್ಯಾಕೆ?"

ಅವನು ಮುಜುಗರದಿಂದ ಕತ್ತು ಕೆರೆದುಕೊಂಡ. ಹೆಂಡತಿ ಅವನನ್ನು ಮೊಣಕೈಯಿಂದ ತಿವಿದು, ಹೇಳು ಎನ್ನುವಂತೆ ಗಲ್ಲ ಎತ್ತಿದಳು.

"ನೀವು ಸಾಯೋವಾಗ ಹೀರೋಗೆ ಏನೋ ಹೇಳಿದ್ರಲ್ಲ ಮೇಡಂ... 'ಈರುಳ್ಳಿ ತಿಂದ್ಕೊಂಡು ಬಂದಿದೀಯಾ? ಮುಖ ಆ ಕಡೆ ತಿರುಗಿಸು, ಇಲ್ಲಾಂದ್ರೆ ನಿಜವಾಗ್ಲೂ ಸಾಯ್ತೀನಿ' ಅಂತ."

ಮಿಂಚುವಿನ ಮುಖ ಕೆಂಪಾಯಿತು. ಹೌದು, ಅದನ್ನೇ ಹೇಳಿದ್ದಳು. ಮೂಕಿ ಚಿತ್ರದಲ್ಲಿ ಬಾಯಿಗೆ ಬಂದದ್ದು ಹೇಳಿದರೂ ಯಾರಿಗೆ ಕೇಳಬೇಕು? ಕಥೆಯ ಮಾತು ಏನಿದ್ದರೂ ಆಮೇಲೆ ತೆರೆಯ ಮೇಲೆ ಅಕ್ಷರದಲ್ಲಿ ಬರುತ್ತಿತ್ತು. ಮರುಗಳಿಗೆ ಗೋಡೆಗೆ ಒರಗಿ ನಗತೊಡಗಿದಳು. ಎಷ್ಟು ನಕ್ಕಳೆಂದರೆ ಕಣ್ಣಿನ ಕಾಡಿಗೆ ಕೆನ್ನೆಗೆ ಇಳಿಯಿತು. ಬೈಂಡಿಂಗಿನವಳು ಮುಂದೆ ಬಂದು ತನ್ನ ಕರವಸ್ತ್ರದಿಂದ ಅವಳ ಕೆನ್ನೆ ಒರೆಸಿದಳು. ಅಂದಿನಿಂದ ಅವಳು ಮಿಂಚುವಿಗೆ ಅಕ್ಕನಾದಳು.

ಭಾನುವಾರ ಅಚ್ಚುಕೂಟ ಮುಚ್ಚಿರುತ್ತಿತ್ತು. ಹಿಂದಿನ ಕೋಣೆಯಲ್ಲಿ ಕಾಗದದ ರೀಮುಗಳ ಮೇಲೆ ಕೂತು ಕಿವಿ ಕೇಳದವರೆಲ್ಲ ಕೈಯಲ್ಲೇ ಹರಟುತ್ತಿದ್ದರು. ಚಪ್ಪಲಿ ಹೊಲಿಯುವವರು, ಇಸ್ತ್ರಿ ಮಾಡುವವರು, ಬಡಗಿಗಳು. ಗೋಂದಿನ ವಾಸನೆಯ ಆ ಕೋಣೆಗೆ ಮಿಂಚು ಹೋಗತೊಡಗಿದಳು. ಮೊದಮೊದಲು ಅವಳ ಕೈ ತಪ್ಪು ತಪ್ಪು ಮಾತಾಡಿ ಕೋಣೆಯೆಲ್ಲ ನಗುವಾಗುತ್ತಿತ್ತು. 'ನನಗೆ ಹಸಿವಾಗಿದೆ' ಎನ್ನಲು ಹೋಗಿ 'ನನಗೆ ಮದುವೆಯಾಗಿದೆ' ಎಂದುಬಿಟ್ಟಿದ್ದಳಂತೆ. ಅಕ್ಕ ಅವಳ ಬೆರಳುಗಳನ್ನು ಹಿಡಿದು ತಿದ್ದುತ್ತಿದ್ದಳು. ಕ್ರಮೇಣ ಕೈಮಾತು ಪಳಗಿತು. ಅವಳಿಗೊಂದು ಕೈಹೆಸರೂ ಬಂತು. ತೋರುಬೆರಳಿಂದ ಹುಬ್ಬನ್ನು ಸರ್ರನೆ ಮೇಲೆತ್ತಿದರೆ ಅದು ಅವಳು. ಕ್ಯಾಮೆರಾ ಮುಂದೆ ಹಾಳುಮೂಳು ಮಾತಾಡುವುದನ್ನು ಆ ಈರುಳ್ಳಿಯ ದಿನವೇ ಬಿಟ್ಟಿದ್ದಳು. ಜೊತೆಗಾರ ನಟರಿಗೂ ಗದರುತ್ತಿದ್ದಳು: "ಬಾಯಿ ಬಿಗಿ ಹಿಡ್ಕೊಂಡು ಮಾತಾಡಿ. ನೋಡೋರಿದಾರೆ."

ಆಮೇಲೆ ಮಾತಾಡುವ ಚಿತ್ರ, ಟಾಕಿ, ಬಂತು.

ಮಿಂಚುವಿನ ಗಂಟಲು ಅಪ್ಪನ ಬಣ್ಣದ ಡಬ್ಬಿಯನ್ನು ಕಲ್ಲಿಗೆ ಉಜ್ಜಿದಂತಿತ್ತು. ಧ್ವನಿ ಪರೀಕ್ಷೆಯ ದಿನ ಶಬ್ದಗ್ರಾಹಕ ಕಿವಿಯಿಂದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಕಿಟಕಿಯಾಚೆ ನೋಡಿದ. ಸ್ಟುಡಿಯೋ ಯಜಮಾನರು ಅವಳಿಗೆ ಚಹಾ ಕೊಡಿಸಿದರು.

"ನೀನು ನಮ್ಮ ಮನೆ ಮಗಳಿದ್ದ ಹಾಗೆ. ಸ್ವಲ್ಪ ದಿನ ವಿಶ್ರಾಂತಿ ತಗೋ" ಎಂದರು.

ಆ ಮಾತಿನ ಅರ್ಥ ತಿಳಿಯದಷ್ಟು ಅವಳು ಎಳಸಲ್ಲ. ಮೇಕಪ್ ಕೋಣೆಗೆ ಹೋಗಿ ತನ್ನ ಬಾಚಣಿಗೆಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು. ಅಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. ವಾರಗಟ್ಟಲೆ ಇಬ್ಬರೂ ಪರದೆ ಎಳೆದುಕೊಂಡು ಮನೆಯಲ್ಲೇ ಇದ್ದರು.

ಅವಳನ್ನು ಹೊರಗೆಳೆದವಳು ಅಕ್ಕ. ಒಂದು ಮಧ್ಯಾಹ್ನ ಗಂಡನನ್ನೂ ಗುಂಪನ್ನೂ ಕರೆದುಕೊಂಡು ಬಂದು, ಎದ್ದೇಳು, ಹೊಸ ಚಿತ್ರ ನೋಡೋಣ ಎಂದು ಕೈ ಹಿಡಿದು ಎಬ್ಬಿಸಿದಳು. ಚಿತ್ರಮಂದಿರ ಕಿಕ್ಕಿರಿದಿತ್ತು. ತೆರೆಯ ಮೇಲೆ ಜನ ಹೂದಾನಿಯೊಳಗೆ ಅಡಗಿಸಿಟ್ಟ ಮೈಕಿನ ಸುತ್ತ ಮರದ ಬೊಂಬೆಗಳಂತೆ ನಿಂತು ಮಾತಾಡಿದ್ದೇ ಮಾತಾಡಿದ್ದು. ಅರ್ಧಕ್ಕರ್ಧ ಹೊತ್ತು ಕ್ಯಾಮೆರಾಕ್ಕೆ ಬೆನ್ನು. ಅಕ್ಷರಗಳೂ ಬರಲಿಲ್ಲ. ಜನ ಚಪ್ಪಾಳೆ ಹೊಡೆಯುತ್ತಿದ್ದರು. ಬಡಗಿ ಮೊದಲು ಎದ್ದ. ಆಮೇಲೆ ಇಸ್ತ್ರಿಯವನು. ಒಬ್ಬೊಬ್ಬರಾಗಿ ಆ ಸಾಲೆಲ್ಲ ಎದ್ದು ಹೊರಗೆ ಬಂತು. ಕೊನೆಗೆ ಮಿಂಚುವೂ ಬಂದಳು.

ಬೀದಿಯಲ್ಲಿ ಅಕ್ಕ ಕೈಯಲ್ಲಿ ಹೇಳಿದಳು: ನಿನ್ನನ್ನ ಅವರು ಹೊರಗೆ ಹಾಕಿದ್ರು ಅಂತ ಅಳ್ತಿದೀಯ. ನೋಡು, ನಮ್ಮನ್ನೂ ಹಾಕಿದ್ರು.

ಮರುದಿನ ಬೆಳಗ್ಗೆ ಮಿಂಚುವಿನ ಮನೆಯ ಪರದೆಗಳೆಲ್ಲ ತೆರೆದಿದ್ದವು.

ಅದಾಗಿ ಕೆಲವೇ ತಿಂಗಳಿಗೆ ಅಕ್ಕನ ಚಿಕ್ಕಮ್ಮನ ಮಗಳ ಸುದ್ದಿ ಬಂತು. ಆ ಹುಡುಗಿಗೂ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಕೈಮಾತು ಕಲಿತದ್ದು ಅಕ್ಕನಿಂದಲೇ. ಪುಟ್ಟ ದೇಹ, ಚುರುಕು ಕಣ್ಣು, ಮನೆಯವರಿಗೆಲ್ಲ ಅವಳು ಗುಬ್ಬಿ. ತಾಯಿ ಸತ್ತ ಮೇಲೆ ಮಲತಂದೆ ಅವಳನ್ನು ದೂರದ ನೆಂಟರ ಮನೆಗೆ ಕಳಿಸಿದ್ದೇನೆಂದು ಎಲ್ಲರನ್ನೂ ನಂಬಿಸಿದ್ದ. ನಿಜದಲ್ಲಿ ಅವಳು ಹುಚ್ಚಾಸ್ಪತ್ರೆಯಲ್ಲಿದ್ದಳು. ಅಲ್ಲಿ ಬಟ್ಟೆ ಒಗೆಯುವ ಹೆಂಗಸೊಬ್ಬಳು ಗುರುತು ಹಿಡಿದು ಹೇಳಿದಳು. ಮೊಳೆ ಜೋಡಿಸುವವನೂ ಅಕ್ಕನೂ ಹೋದರೆ ಬಾಗಿಲ ಕಾವಲಿನವನು ಒಳಗೇ ಬಿಡಲಿಲ್ಲ.

"ನಿಮ್ಮ ಮುಖ ನೋಡಿದ್ರಾದ್ರೂ ಬಾಗಿಲು ತೆಗೀತಾರೇನೋ ಮೇಡಂ" ಎಂದ ಅವನು.

ಮಿಂಚು ಪೆಟ್ಟಿಗೆಯಿಂದ ತನ್ನ ಒಳ್ಳೆಯ ಉಡುಪು ತೆಗೆದಳು. ತುಟಿಗೆ ಬಣ್ಣ ಹಚ್ಚಿ ಒಬ್ಬಳೇ ಆಸ್ಪತ್ರೆಗೆ ಹೊರಟಳು. ಕಾವಲಿನವನು ಅವಳನ್ನು ಕಂಡದ್ದೇ ತಡ, ಬೀಡಿ ಎಸೆದು ಬಾಗಿಲು ಹಾರುಹೊಡೆದ.

ಮುಖ್ಯ ಡಾಕ್ಟರು ನರೆಗೂದಲಿನ, ದಣಿದ ಮುಖದ ಮನುಷ್ಯ. ಮಿಂಚುವನ್ನು ಕಂಡು ಅವರಿಗೂ ಸಂತೋಷವಾಯಿತು. ಆದರೆ ವಿಷಯ ಕೇಳುತ್ತಲೇ ತಲೆಯಾಡಿಸಿದರು.

"ಆ ಹುಡುಗಿ ಕಿರುಚ್ತಾಳಮ್ಮ. ಗಾಳೀಲಿ ಕೈ ಆಡಿಸ್ತಾಳೆ. ಈಗೀಗ ಅದೂ ಇಲ್ಲ, ಗೋಡೆ ನೋಡ್ಕೊಂಡು ಕೂತಿರ್ತಾಳೆ. ಹೇಗೆ ಬಿಡಲಿ?"

"ಒಂದ್ಸಲ ನೋಡ್ತೀನಿ ಡಾಕ್ಟ್ರೇ. ನೋಡೋದಕ್ಕೂ ಬೇಡ ಅಂತೀರಾ?"

ಉದ್ದನೆಯ ವಾರ್ಡು. ಗುಬ್ಬಿ ಕೊನೆಯ ಮಂಚದಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ತಲೆ ಬೋಳಿಸಿದ್ದರು. ಮಿಂಚು ಅವಳೆದುರು ಹೋಗಿ ಕೈಯಾಡಿಸಿದರೆ ಹುಡುಗಿ ಕಣ್ಣು ಮುಚ್ಚಿಕೊಂಡಳು. ಭುಜ ಮುಟ್ಟಿದರೆ ಮುದುಡಿಕೊಂಡಳು. ಬಾಗಿಲ ಹತ್ತಿರ ನಿಂತ ಡಾಕ್ಟರು ನಿಟ್ಟುಸಿರು ಬಿಟ್ಟರು.

ಮಿಂಚು ಹಿಂದೆ ಸರಿದಳು. ವಾರ್ಡಿನ ನಡುವೆ ನಿಂತು ಒಂದು ಗಳಿಗೆ ಯೋಚಿಸಿದಳು. ಆಮೇಲೆ, ಇಲ್ಲದ ಕೋಳಿಯೊಂದನ್ನು ಕಂಡಳು.

ಕಂಡು ಬೆಚ್ಚಿದಳು. ಒಳ್ಳೆಯ ಉಡುಪಿನ ಅಂಚು ಎತ್ತಿಕೊಂಡು, ತುದಿಗಾಲಿನಲ್ಲಿ ಆ ಕೋಳಿಯ ಹಿಂದೆ ಹೊರಟಳು. ಕೋಳಿ ಮಂಚದಡಿ ನುಗ್ಗಿತು, ಇವಳೂ ನುಗ್ಗಿದಳು. ಕೋಳಿ ಹಾರಿ ನರ್ಸಿನ ತಲೆಯ ಮೇಲೆ ಕೂತಿತು. ಮಿಂಚು ನರ್ಸಿನ ಟೋಪಿಯನ್ನೇ ಮೆಲ್ಲಗೆ ಎರಡೂ ಕೈಯಲ್ಲಿ ಹಿಡಿದಳು. ಕೋಳಿ ಅವಳ ಮೂಗು ಕುಕ್ಕಿತು. ಅವಳನ್ನು ಮನೆಮಾತು ಮಾಡಿದ ಹಳೆಯ ಆಟ ಅದು. ವಾರ್ಡಿನ ಹೆಂಗಸರೆಲ್ಲ ಎದ್ದು ಬಂದರು. ಯಾರೋ ಚಪ್ಪಾಳೆ ತಟ್ಟಿದರು. ಯಾರೋ, "ಅಲ್ಲಿ ಅಲ್ಲಿ, ಕಿಟಕಿ ಹತ್ರ!" ಎಂದು ಕೋಳಿಯನ್ನು ತೋರಿಸಿಕೊಟ್ಟರು. ನೆಲದ ಅದುರಿಗೋ, ಗೋಡೆಯ ಮೇಲೆ ಕುಣಿದ ನೆರಳಿಗೋ ಗುಬ್ಬಿ ತಿರುಗಿ ನೋಡಿದಳು. ನೆಲದ ಮೇಲೆ ಬಿದ್ದ ಮಿಂಚು ಮೂಗು ಹಿಡಿದುಕೊಂಡು ಕೋಳಿಯನ್ನು ಬೈಯುತ್ತಿದ್ದಳು. ಗುಬ್ಬಿಯ ಬಾಯಿಯ ಒಂದು ಮೂಲೆ ಅಲುಗಿತು. ಆಮೇಲೆ ಇನ್ನೊಂದು ಮೂಲೆ.

ಬಿದ್ದಲ್ಲಿಂದಲೇ ಮಿಂಚು ಕೈಯಲ್ಲಿ ಹೇಳಿದಳು: ನಿನ್ನ ಅಕ್ಕ ಕಳಿಸಿದಾಳೆ. ಪುಸ್ತಕ ಹೊಲಿಯೋ ಅಕ್ಕ.

ಹುಡುಗಿ ಆ ಕೈಗಳನ್ನೇ ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಅವಳ ಎರಡೂ ಕೈಗಳು ಒಮ್ಮೆಗೇ ಕಟ್ಟೆಯೊಡೆದವು. ಮಿಂಚುವಿಗೆ ಹಿಡಿಯುವುದೇ ಕಷ್ಟವಾಗುವಷ್ಟು ವೇಗ.

"ಏನಂತಿದಾಳೆ? ಏನಂತಿದಾಳೆ?" ಎಂದು ಡಾಕ್ಟರು ಹತ್ತಿರ ಬಂದರು.

"ಅವಳಮ್ಮ ಹೋಗಿದ್ದು ಅವಳಿಗೆ ಯಾರೂ ತಿಳಿಸ್ಲಿಲ್ವಂತೆ. ಆಟ ಆಡ್ಕೊಂಡು ಬಂದಾಗ ಹಾಸಿಗೆ ಖಾಲಿ. ಎಲ್ಲಿ ಎಲ್ಲಿ ಅಂತ ಕೇಳಿದಳಂತೆ, ಯಾರಿಗೂ ಅರ್ಥ ಆಗ್ಲಿಲ್ಲ. ಕಿರುಚಿದಳು. ಕಟ್ಟಿ ಹಾಕಿದ್ರು. ಇಲ್ಲಿಗೆ ತಂದ್ರು. ಇಲ್ಲೂ ಅದನ್ನೇ ಕೇಳಿದಳಂತೆ, ಅಮ್ಮ ಎಲ್ಲಿ ಅಂತ." ಮಿಂಚು ಹುಡುಗಿಯ ಬೆರಳು ಹೋದ ಕಡೆ ತಿರುಗಿದಳು. "ಈಗ ನಿಮ್ಮನ್ನ ತೋರಿಸಿ ಒಂದು ಮಾತು ಕೇಳ್ತಿದಾಳೆ. ಈ ತಾತ ಯಾವಾಗ್ಲೂ ಕಾಗದ ನೋಡ್ತಾರೆ, ನನ್ನನ್ನ ಯಾಕೆ ನೋಡಲ್ಲ ಅಂತ."

ಡಾಕ್ಟರು ಕನ್ನಡಕ ತೆಗೆದು, ಮೊಣಕಾಲೂರಿ ಹುಡುಗಿಯ ಎದುರು ಕೂತರು.

"ಈಗ ನೋಡ್ತಿದೀನಿ ಅಂತ ಹೇಳಿ ಅವಳಿಗೆ."

ಗುಬ್ಬಿ ಅಂದು ಸಂಜೆಯೇ ಮಿಂಚುವಿನ ಕೈ ಹಿಡಿದುಕೊಂಡು ಆಸ್ಪತ್ರೆಯ ಬಾಗಿಲು ದಾಟಿದಳು. ಮಲತಂದೆ ಹಾರಾಡಿಕೊಂಡು ಬಂದಾಗ ಅವನನ್ನು ಎದುರಿಸಿ ಬಾಯಿ ಮುಚ್ಚಿಸಿದವರು ಡಾಕ್ಟರೇ.

ಗುಬ್ಬಿಯಂಥವರು ಇನ್ನೆಷ್ಟು ಮಂದಿ ಇದ್ದಾರೋ ಎಂಬ ಯೋಚನೆ ಒಮ್ಮೆ ತಲೆಗೆ ಹೊಕ್ಕ ಮೇಲೆ ಮಿಂಚುವಿಗೆ ಊಟ ರುಚಿಸಲಿಲ್ಲ. ಹುಡುಕಿದಳು. ಕೊಟ್ಟಿಗೆಯಲ್ಲಿ ಕೂಡಿ ಹಾಕಿದವರು, ಮನೆಯ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತ ಬೆಳೆದವರು, ತನ್ನದೊಂದು ಹೆಸರಿದೆ ಎಂದೇ ತಿಳಿಯದವರು ಸಿಕ್ಕರು. ಅವಳ ದೊಡ್ಡ ಮನೆಯ ಹಜಾರ ಶಾಲೆಯಾಯಿತು. ಪಿಯಾನೋ ಹೋಗಿ ಕಪ್ಪುಹಲಗೆ ಬಂತು. ಅಕ್ಕ ಅಚ್ಚುಕೂಟದ ಕೆಲಸ ಬಿಟ್ಟು ಮೊದಲ ಮೇಡಂ ಆದಳು. ಅವಳ ಗಂಡ ಸಂಜೆ ಬಂದು ಹಳೆಯ ಅಚ್ಚುಮೊಳೆಗಳಿಂದ ಮಕ್ಕಳಿಗೆ ಅಕ್ಷರ ಕಲಿಸಿದ.

ಮಿಂಚುವಿನ ಅಮ್ಮ ಮಾತ್ರ ಮೊದಲು ಮೂಗು ಮುರಿದಳು.

"ಕಿವಿ ಕೇಳದ ಮಕ್ಕಳು ಅಂದ್ರೆ ಮನೇಲಿ ಸದ್ದೇ ಇರಲ್ಲ ಅಂದ್ಕೊಂಡಿದ್ದೆ ಕಣೇ. ಇವು ಬಾಗಿಲು ಬಡಿಯೋದೇನು, ಕುರ್ಚಿ ಎಳೆಯೋದೇನು! ಇನ್ನೊಂದು ವರ್ಷಕ್ಕೆ ನಾನೂ ಇವರ ಗುಂಪಿಗೆ ಸೇರ್ತೀನಿ, ನೋಡ್ತಿರು."

ಹೀಗೆ ಗೊಣಗುತ್ತಲೇ ಅವಳು ಎಲ್ಲರಿಗೂ ತಲೆ ಬಾಚಿದಳು, ಹೊಟ್ಟೆ ತುಂಬ ಬಡಿಸಿದಳು. ಕೈಮಾತಿನಲ್ಲಿ ಅವಳು ಕಲಿತ ಮೊದಲ ಮಾತು 'ಇನ್ನೂ ಸ್ವಲ್ಪ ಹಾಕಿಸ್ಕೋ' ಎಂಬುದು.

ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ಶಿಕ್ಷಣ ಇಲಾಖೆಯ ಸಾಹೇಬರು ಬಂದರು. ಕೆಟ್ಟವರಲ್ಲ. ಆದರೆ ಓದಿಕೊಂಡದ್ದನ್ನು ಗಟ್ಟಿಯಾಗಿ ನಂಬಿದವರು.

"ಕೈ ಆಡಿಸೋದು ಕಲಿಸಿದ್ರೆ ಬಾಯಿ ಸೋಮಾರಿ ಆಗುತ್ತೆ. ಮಕ್ಕಳು ಕೈ ಮೇಲೆ ಕೂತ್ಕೋಬೇಕು, ಬಾಯಲ್ಲಿ ಮಾತಾಡೋಕೆ ಕಲೀಬೇಕು. ಎಲ್ಲಾ ಕಡೆ ಇದೇ ಪದ್ಧತಿ" ಎಂದರು.

"ಸಾರ್, ಆ ಪದ್ಧತಿ ಶಾಲೆ ನಾನು ನೋಡಿ ಬಂದಿದೀನಿ. ಒಂದು ವರ್ಷ ಕಷ್ಟಪಟ್ಟು ಒಂದು ಮಗು 'ಅಪ್ಪ' ಅನ್ನೋಕೆ ಕಲಿತಿತ್ತು. ಅಪ್ಪ ಅಂದ್ರೆ ಏನು ಅಂತ ಅದಕ್ಕಿನ್ನೂ ಯಾರೂ ಹೇಳಿರ್ಲಿಲ್ಲ."

"ನೀವು ನಟಿ. ಇದು ನಾಟಕ ಅಲ್ಲ."

"ಅಲ್ಲ ಅಂತ ನಂಗೂ ಗೊತ್ತು ಸಾರ್. ಮಕ್ಕಳ ಕೈ ಮಾತ್ರ ನಾನು ಕಟ್ಟಲ್ಲ."

ಸಾಹೇಬರು ಮಾನ್ಯತೆ ಕೊಡಲಿಲ್ಲ. ಮಾನ್ಯತೆ ಇಲ್ಲದ ಶಾಲೆ ಎಂಬ ಸುದ್ದಿ ಹರಡಿದ್ದೇ ತಂದೆತಾಯಂದಿರು ಕಂಗಾಲಾದರು. ಒಬ್ಬೊಬ್ಬರೇ ಬಂದು ಮಕ್ಕಳನ್ನು ಕರೆದೊಯ್ದರು. ಕಂಬ ತಬ್ಬಿಕೊಂಡು ನಿಂತ ಒಂದು ಹುಡುಗಿಯ ಬೆರಳುಗಳನ್ನು ಅವಳಪ್ಪ ಒಂದೊಂದಾಗಿ ಬಿಡಿಸಿದ. ಅಂದು ಮಿಂಚು ಹಿತ್ತಲಿಗೆ ಹೋಗಿ ಒಬ್ಬಳೇ ಅತ್ತಳು. ಅದೇ ವಾರ ಹಳೆಯ ಸ್ಟುಡಿಯೋ ಯಜಮಾನರು ಕಾರಿನಲ್ಲಿ ಬಂದಿಳಿದರು.

"ನಿಂಗಂತಲೇ ಒಂದು ಪಾತ್ರ ಬರೆಸಿದೀನಿ. ಮೂಗಿ! ಗಂಟಲಿನ ಗೊಡವೆಯೇ ಇಲ್ಲ. ನೀನು ಬಂದು ಬ್ಯಾ ಬ್ಯಾ ಅಂತ ಬಾಯಿ ಬಿಟ್ರೆ ಜನ ಬಿದ್ದೂ ಬಿದ್ದೂ ನಗಬೇಕು."

ಮತ್ತೆ ತೆರೆ, ಮತ್ತೆ ಹೆಸರು. ಮಿಂಚುವಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಬಾಗಿಲಲ್ಲಿ ಗುಬ್ಬಿ ನಿಂತಿದ್ದಳು. ಅಷ್ಟು ಹೊತ್ತಿಗೆ ಎತ್ತರಕ್ಕೆ ಬೆಳೆದ ತರುಣಿ, ಚಿಕ್ಕವರಿಗೆ ಪಾಠ ಹೇಳುತ್ತಿದ್ದವಳು. ಯಜಮಾನರ ತುಟಿಗಳನ್ನು ಅವಳು ಸರಿಯಾಗಿಯೇ ಓದಿದ್ದಳು.

"ಚಹಾ ಕುಡಿದು ಹೋಗಿ ಯಜಮಾನ್ರೇ. ಹಿಂದೆ ನೀವು ಕುಡಿಸಿದ್ದು ಇಲ್ಲಿಗೆ ಚುಕ್ತಾ ಆಗ್ಲಿ" ಎಂದಳು ಮಿಂಚು.

ಕಾರು ಹೋದ ಮೇಲೆ ಗುಬ್ಬಿ ಮೇಜಿನ ಮೇಲೆ ಕೈ ಬಡಿದು ಎಲ್ಲರ ಗಮನ ಸೆಳೆದಳು. ಅಳ್ತಾ ಕೂತ್ರೆ ಆಗುತ್ತಾ? ಊರಿನ ಮಕ್ಕಳೆಲ್ಲ ಬರೆಯೋ ಸಾರ್ವಜನಿಕ ಪರೀಕ್ಷೆ ಇದೆಯಲ್ಲ, ಅದನ್ನ ನಾವೂ ಬರೀತೀವಿ. ಅದೇ ಪ್ರಶ್ನೆ, ಅದೇ ಹೊತ್ತು. ನಾನೂ ಕೂರ್ತೀನಿ.

ಡಾಕ್ಟರು ಕಚೇರಿಯಿಂದ ಕಚೇರಿಗೆ ಅಲೆದು ಖಾಸಗಿಯಾಗಿ ಬರೆಯಲು ಅನುಮತಿ ತಂದರು. ಉಳಿದ ಮಕ್ಕಳು ಹಟ ತೊಟ್ಟು ಓದಿದರು. ಕರೆದೊಯ್ದಿದ್ದ ಮಕ್ಕಳಲ್ಲೂ ಕೆಲವರು, ಕಂಬದ ಹುಡುಗಿಯೂ ಸೇರಿ, ಮನೆಯಲ್ಲಿ ಊಟ ಬಿಟ್ಟು ರಂಪ ಮಾಡಿ ವಾಪಸು ಬಂದರು. ಹಜಾರದ ತುಂಬ ಕೈಗಳು ಆಡುತ್ತಿದ್ದವು. ಒಬ್ಬರು ಇತಿಹಾಸ ಹೇಳಿದರೆ ಇನ್ನೊಬ್ಬರು ತಪ್ಪು ಹಿಡಿಯುತ್ತಿದ್ದರು. ಯುದ್ಧಗಳ ಪಾಠವನ್ನು ಮಿಂಚು ಎರಡೂ ಕಡೆಯ ಸೇನಾಪತಿಯೂ ತಾನೇ ಆಗಿ, ಎರಡು ಕುದುರೆಯೂ ತಾನೇ ಆಗಿ ಕಲಿಸಿದಳು. ಪರೀಕ್ಷೆಯ ದಿನ ಸಾಹೇಬರೇ ಮೇಲ್ವಿಚಾರಣೆಗೆ ಬಂದರು. ಬೆನ್ನ ಹಿಂದೆ ಕೈ ಕಟ್ಟಿಕೊಂಡು ಮೇಜುಗಳ ನಡುವೆ ಓಡಾಡಿದರು.

ಫಲಿತಾಂಶದ ಹಲಗೆಯ ಮುಂದೆ ನೂಕುನುಗ್ಗಲು. ಮಿಂಚು ಕುಳ್ಳಿ, ಏನೂ ಕಾಣುತ್ತಿಲ್ಲ. ಮುಂದೆ ನುಗ್ಗಿದ್ದ ಗುಬ್ಬಿ ಜನರ ತಲೆಗಳ ಮೇಲೆ ಎರಡೂ ಕೈ ಎತ್ತಿದಳು. ಆ ಗದ್ದಲದಲ್ಲಿ ಕೂಗಿದ್ದರೆ ಯಾರಿಗೂ ಕೇಳುತ್ತಿರಲಿಲ್ಲ. ಕೈಮಾತು ಮಾತ್ರ ಸಲೀಸಾಗಿ ದಾಟಿ ಬಂತು: ಎಲ್ಲರೂ ಪಾಸ್! ತಡಿ, ಒಬ್ಬ ಇಲ್ಲ. ಆ ಗುಂಡ, ಲೆಕ್ಕದಲ್ಲಿ ಡುಮ್ಕಿ! ಉಳಿದವರೆಲ್ಲ ಪಾಸ್!

ಮಿಂಚು ಬೀದಿಯ ನಡುವೆ ಕುಣಿದಳು. ಜೋಡಿಯಾಗಿ ಕುಣಿದವನು ಗುಂಡ.

ಮುಂದಿನ ತಿಂಗಳು ಸಾಹೇಬರು ತಾವೇ ಮಾನ್ಯತೆಯ ಆದೇಶ ತಂದರು. "ನಾನು ಸೋತಿದ್ದು ನಿಮಗಲ್ಲಮ್ಮ, ಮಕ್ಕಳಿಗೆ" ಎಂದರು ಗಂಟುಮುಖದಲ್ಲೇ.

"ನಾನೂ ಅವರಿಗೇ ಸೋತಿರೋದು ಸಾರ್, ಬನ್ನಿ ಒಳಗೆ" ಎಂದಳು ಮಿಂಚು.

ಶಾಲೆ ಹಜಾರದಿಂದ ಬೆಳೆದು ಹೊಸ ಕಟ್ಟಡಕ್ಕೆ ಹೋಯಿತು. ಅದನ್ನು ನೋಡಿ ಬೇರೆ ಊರುಗಳಲ್ಲೂ ಶಾಲೆಗಳು ತೆರೆದವು. ಹೆಚ್ಚಿನವಕ್ಕೆ ಮೇಷ್ಟ್ರುಗಳನ್ನು ಕಳಿಸಿಕೊಟ್ಟದ್ದು ಇದೇ ಶಾಲೆ. ಹುಚ್ಚಾಸ್ಪತ್ರೆಗೆ ಹೊಸಬರು ಬಂದಾಗಲೆಲ್ಲ ಡಾಕ್ಟರು ಮೊದಲು ಕಿವಿ ಪರೀಕ್ಷೆ ಮಾಡಿಸುವುದನ್ನು ನಿಯಮ ಮಾಡಿದರು. ಹಾಗೆ ಅಲ್ಲಿಂದ ಹೊರಬಂದವರು ಗುಬ್ಬಿಯೊಬ್ಬಳೇ ಅಲ್ಲ. ಗುಬ್ಬಿ ಮುಖ್ಯೋಪಾಧ್ಯಾಯಿನಿಯಾದಳು. ಪಾಠದ ನಡುವೆ ಬಂದು ಮಕ್ಕಳನ್ನು ನಗಿಸಿದ್ದಕ್ಕೆ ಮಿಂಚುವನ್ನೇ ಎಷ್ಟೋ ಸಲ ತರಗತಿಯಿಂದ ಹೊರಗೆ ಕಳಿಸಿದ್ದಳು.

ಮುಪ್ಪಿನಲ್ಲಿ ಮಿಂಚುವಿನ ಕಿವಿಯೂ ಮಂದವಾಗುತ್ತ ಬಂದು, ಕೊನೆಗೆ ಪೂರ್ತಿ ನಿಂತುಹೋಯಿತು. ಹಳೆಯ ಸ್ಟುಡಿಯೋ ಗೆಳತಿಯರು ನೋಡಲು ಬಂದು ಅಯ್ಯೋ ಪಾಪ ಎಂದರು. ಅವಳು ಅವರ ತುಟಿ ಓದಿ ನಕ್ಕಳು.

"ನನಗೇನಾಗಿದೆ? ಮನೆ ತುಂಬ ಮಾತಾಡೋರಿದಾರೆ. ನಿಮ್ಮ ಮನೇಲಿ ನಿಮ್ಮ ಜೊತೆ ಯಾರಾದ್ರೂ ಇಷ್ಟು ಮಾತಾಡ್ತಾರಾ?"

ನಗರದವರು ಅವಳಿಗೆ ದೊಡ್ಡ ಸಭಾಂಗಣದಲ್ಲಿ ಸನ್ಮಾನ ಇಟ್ಟುಕೊಂಡರು. ಮಂತ್ರಿಗಳು ಭಾಷಣಕ್ಕೆ ನಿಂತವರು ಕೂರುವ ಲಕ್ಷಣವೇ ಕಾಣಲಿಲ್ಲ. ವೇದಿಕೆಯ ಮೇಲೆ ಪಕ್ಕದಲ್ಲೇ ಕೂತು, ಅವರ ತುಟಿ ಓದಿ ಕೈಮಾತಿಗೆ ಇಳಿಸಿ ಹೇಳುತ್ತಿದ್ದವಳು ಗುಬ್ಬಿ. ಮೊದಲು ಒಂದೊಂದು ಮಾತನ್ನೂ ತಪ್ಪದೆ ಹೇಳಿದಳು. ಆಮೇಲೆ ಕೈ ಕಟ್ಟಿ ಕೂತಳು. ಏನಂತಿದಾರೆ ಎಂದು ಮಿಂಚು ಕೇಳಿದರೆ, ಆಗ ಹೇಳಿದ್ದನ್ನೇ ಹೇಳ್ತಿದಾರೆ, ಹೊಸದು ಬಂದ್ರೆ ತಿಳಿಸ್ತೀನಿ ಎಂದಳು. ಸಭೆಯಲ್ಲಿ ಕೂತ ಹಳೆಯ ವಿದ್ಯಾರ್ಥಿಗಳೆಲ್ಲ ಅದನ್ನು ನೋಡಿ ಗೊಳ್ಳೆಂದು ನಕ್ಕರು. ಜನ ಮೆಚ್ಚಿ ನಕ್ಕರೆಂದು ತಿಳಿದ ಮಂತ್ರಿಗಳು ಇನ್ನಷ್ಟು ಹುರುಪಿನಿಂದ ಮಾತಾಡಿದರು.

ಕೊನೆಗೂ ಮಿಂಚುವಿನ ಸರದಿ ಬಂತು. ಅವಳು ಮೈಕನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ದೀಪದ ಬೆಳಕು ತನ್ನ ಕೈಗಳ ಮೇಲೆ ಚೆನ್ನಾಗಿ ಬೀಳುವಂತೆ ಒಂದು ಹೆಜ್ಜೆ ಮುಂದೆ ಬಂದಳು. ಕಿವಿ ಕೇಳುವ ಒಬ್ಬ ಮೇಷ್ಟ್ರು ಅವಳ ಕೈಮಾತನ್ನು ಗಟ್ಟಿಯಾಗಿ ಓದಿ ಹೇಳಲು ಪಕ್ಕದಲ್ಲಿ ನಿಂತರು.

"ಮೊದಲು ನನ್ನ ಜನರ ಜೊತೆ ನಾಲ್ಕು ಮಾತಾಡ್ತೀನಿ. ಕೈಮಾತು ಬಾರದವರು ಸ್ವಲ್ಪ ತಾಳ್ಮೆಯಿಂದ ಕಾಯಬೇಕು, ನಿಮಗೂ ತಿಳಿಸೋ ವ್ಯವಸ್ಥೆ ಮಾಡಿದೀವಿ" ಎಂದು ಮೇಷ್ಟ್ರು ಓದಿದರು.

ಸಭಾಂಗಣದ ಅರ್ಧ ಭಾಗ, ಕೈಮಾತು ಬಲ್ಲವರು, ಆಗಲೇ ಗೌರವದಿಂದ ಎದ್ದು ನಿಂತಿತ್ತು. ಉಳಿದರ್ಧ, ಮೇಷ್ಟ್ರು ಓದಿ ಮುಗಿಸಿದ ಮೇಲೆ ಎದ್ದಿತು. ಮುಪ್ಪಿನ ಆ ಪುಟ್ಟ ಹೆಂಗಸು ಹುಬ್ಬು ಕುಣಿಸಿ, ಉಡುಪಿನ ತೋಳು ಮಡಿಸಿ ಏರಿಸಿಕೊಂಡು, ಮಾತು ಶುರು ಮಾಡಿದಳು.